ಲೈಟ್‌ರೂಮ್ ಕ್ಲಾಸಿಕ್ ವಿಮರ್ಶೆ: ಡ್ರೈವ್ ಕಿತ್ತಿಟ್ಟ ಮೇಲೂ ಕೆಲಸ ನಿಲ್ಲಬಾರದು ಅನ್ನುವವರಿಗೆ

ಮೊದಲು ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಕಂಪ್ರೆಸ್ ಆದ ಒಂದು ರಾ ಫೈಲ್ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಟ್ಟ ಮೂಲ ಫೈಲ್) ಅಂದಾಜು 30 ಎಂಬಿ. ವರಪೂಜೆ, ಆರತಕ್ಷತೆ, ಮರುದಿನ ಬೆಳಗಿನ ಮುಹೂರ್ತ ಎಲ್ಲ ಸೇರಿ ಇಬ್ಬರು ಫೋಟೋಗ್ರಾಫರ್‌ಗಳು 5,000 ಫ್ರೇಮ್ ತೆಗೆದರೆ 150 ಜಿಬಿ ಆಯಿತು. 45 ಮೆಗಾಪಿಕ್ಸೆಲ್ ಬಾಡಿ ಹಿಡಿದು ಹೋದರೆ 200 ಜಿಬಿ ದಾಟುತ್ತದೆ. 512 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಮೂರನೇ ಮದುವೆಗೆ ಜಾಗವೇ ಇರುವುದಿಲ್ಲ. ಹಾಗಾಗಿ ಬೆಂಗಳೂರಿನ ಸಣ್ಣ ಸ್ಟುಡಿಯೊಗಳ ಕಪಾಟಿನಲ್ಲಿ ಆಲ್ಬಂಗಳಿಗಿಂತ ಹೆಚ್ಚಾಗಿ ಎಕ್ಸ್‌ಟರ್ನಲ್ ಡ್ರೈವ್‌ಗಳೇ ಸಾಲುಗಟ್ಟಿವೆ. ಎರಡು ವರ್ಷ ಕಳೆದು ಗಿರಾಕಿ ಫೋನ್ ಮಾಡಿ "ಸಾರ್, ನಮ್ಮ ಅಜ್ಜಿ ಒಬ್ಬರೇ ಇದ್ದ ಒಂದು ಫೋಟೋ ಇತ್ತಲ್ಲ" ಅಂದಾಗ ಯಾವ ಡ್ರೈವ್, ಯಾವ ಫೋಲ್ಡರ್ ಅಂತ ಹುಡುಕಾಟ ಶುರು.

ಅಡೋಬಿ ಕಂಪನಿಯ ಫೋಟೋ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್ಕನ್ನು ಇಲ್ಲಿ ಅಳೆದಿರುವುದು ಈ ಒಂದು ಕೆಲಸಕ್ಕೆ ಮಾತ್ರ: ಹಲವು ಡ್ರೈವ್‌ಗಳಲ್ಲಿ ಹರಡಿರುವ ಲಕ್ಷಾಂತರ ಫೋಟೋಗಳನ್ನು ಹುಡುಕುವುದು, ಆರಿಸುವುದು, ಎಡಿಟ್ ಮಾಡುವುದು. ಬಣ್ಣ ಹೇಗೆ ಬರುತ್ತದೆ, ಎಐ ಮಾಸ್ಕ್ (ಚಿತ್ರದ ಒಂದು ಭಾಗವನ್ನಷ್ಟೇ ತಿದ್ದಲು ಗುರುತಿಸುವುದು) ಎಷ್ಟು ಚುರುಕು ಎಂಬುದೆಲ್ಲ ಬೇರೆ ಚರ್ಚೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಡ್ರೈವ್ ಜೋಡಿಸದೆಯೂ ಹುಡುಕಿ ಎಡಿಟ್ ಮಾಡುವುದರಲ್ಲಿ ಇದರಷ್ಟು ಪಳಗಿದ ತಂತ್ರಾಂಶ ಇನ್ನೊಂದಿಲ್ಲ. ಆದರೆ ಆ ಅನುಕೂಲ ತಾನಾಗಿ ಸಿಗುವುದಿಲ್ಲ. ಇನ್‌ಸ್ಟಾಲ್ ಮಾಡಿದಾಗ ಇರುವ ಸೆಟ್ಟಿಂಗ್‌ಗಳಲ್ಲಿ ಅರ್ಧದಷ್ಟು ನಮ್ಮ ಕೆಲಸಕ್ಕೆ ಅಡ್ಡಗಾಲು. ಇನ್ನು ಫೈಲ್ ಕೆಡದಂತೆ ಕಾಯುವ ಹೊಣೆಯನ್ನು ಇದು ಹೊರುವುದೇ ಇಲ್ಲ.

ಕ್ಯಾಟಲಾಗ್ ಒಂದು ಕಡೆ, ಫೋಟೋ ಇನ್ನೊಂದು ಕಡೆ

ಲೈಟ್‌ರೂಮ್ "ಒಳಗೆ" ಫೋಟೋ ಇರುವುದಿಲ್ಲ. ಹೊಸಬರಲ್ಲಿ ಹತ್ತಕ್ಕೆ ಎಂಟು ಮಂದಿ ಎಡವುವುದು ಇಲ್ಲೇ. ಕ್ಯಾಟಲಾಗ್ ಎಂದರೆ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್. ಯಾವ ಫೋಟೋ ಯಾವ ಡ್ರೈವ್‌ನ ಯಾವ ಫೋಲ್ಡರ್‌ನಲ್ಲಿದೆ, ಅದಕ್ಕೆ ಎಷ್ಟು ಸ್ಟಾರ್, ಯಾವ ಕೀವರ್ಡ್, ಎಕ್ಸ್‌ಪೋಷರ್ ಎಷ್ಟು ಏರಿಸಿದ್ದೀರಿ ಎಂಬುದೆಲ್ಲ ಅದರಲ್ಲಿ ಬರಹವಾಗಿ ಕೂತಿರುತ್ತದೆ. ಪಕ್ಕದಲ್ಲಿ ಪ್ರಿವ್ಯೂಗಳ ಒಂದು ಫೋಲ್ಡರ್, ಸ್ಮಾರ್ಟ್ ಪ್ರಿವ್ಯೂಗಳ ಇನ್ನೊಂದು. 2021ರ ಅಕ್ಟೋಬರ್‌ನಲ್ಲಿ ಬಂದ 11ನೇ ಆವೃತ್ತಿಯಿಂದ ಮಾಸ್ಕ್‌ಗಳ ಮಾಹಿತಿಗೆ ಕ್ಯಾಟಲಾಗ್‌ನದೇ ಹೆಸರು ಹೊತ್ತ, ಕೊನೆಯಲ್ಲಿ "ಡೇಟಾ" ಎಂದಿರುವ ಮತ್ತೊಂದು ಸಂಗಾತಿ ಫೈಲೂ ಸೇರಿಕೊಂಡಿದೆ. ಹೊಸ ಕಂಪ್ಯೂಟರ್‌ಗೆ ಹೋಗುವಾಗ ಕ್ಯಾಟಲಾಗ್ ಫೈಲ್ ಒಂದನ್ನೇ ಕಾಪಿ ಮಾಡಿ ಅದನ್ನು ಬಿಟ್ಟರೆ ಮಾಸ್ಕ್‌ಗಳ ವಿಷಯದಲ್ಲಿ ಕೈಸುಟ್ಟುಕೊಳ್ಳುತ್ತೀರಿ. ಇಡೀ ಫೋಲ್ಡರನ್ನೇ ಎತ್ತಿಕೊಂಡು ಹೋಗುವುದು ಕ್ಷೇಮ.

ಕ್ಯಾಟಲಾಗ್ ಮತ್ತು ಪ್ರಿವ್ಯೂಗಳು ಲ್ಯಾಪ್‌ಟಾಪ್‌ನ ಒಳಗಿನ ಎಸ್‌ಎಸ್‌ಡಿಯಲ್ಲಿರಲಿ, ರಾ ಫೈಲ್‌ಗಳು ಹೊರಗಿನ ಡ್ರೈವ್‌ನಲ್ಲಿರಲಿ. ಕ್ಯಾಟಲಾಗನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿದರೆ ಲೈಬ್ರರಿ ಗ್ರಿಡ್ ಸ್ಕ್ರೋಲ್ ಮಾಡುವಾಗಲೇ ಗೊತ್ತಾಗುತ್ತದೆ: ಚಿತ್ರಗಳು ಬೂದು ಚೌಕಗಳಾಗಿ ನಿಂತು ಒಂದೊಂದಾಗಿ ಮೂಡುತ್ತವೆ. ಡಿಸ್ಕಿನ ಹೆಡ್ ಸಾವಿರಾರು ಸಣ್ಣ ಫೈಲ್‌ಗಳ ಹಿಂದೆ ಓಡಾಡಬೇಕಲ್ಲ. ಎರಡು ಕಂಪ್ಯೂಟರ್ ಇದ್ದು ಕ್ಯಾಟಲಾಗ್ ಜತೆಯಲ್ಲೇ ಓಡಾಡಲೇಬೇಕು ಎನ್ನುವವರು ಅದಕ್ಕೆಂದೇ ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಇಟ್ಟುಕೊಳ್ಳಲಿ. ನಾಸ್ (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ) ಮೇಲೆ ರಾ ಫೈಲ್ ಇಡಬಹುದು, ಕ್ಯಾಟಲಾಗ್ ತೆರೆಯಲು ಲೈಟ್‌ರೂಮೇ ಒಪ್ಪುವುದಿಲ್ಲ.

ವಿಂಡೋಸ್ ಬಳಸುವವರಿಗೆ ಇಲ್ಲೊಂದು ಹಳ್ಳ ಇದೆ. ಕ್ಯಾಟಲಾಗ್ ಹುಟ್ಟುವುದು "ಪಿಕ್ಚರ್ಸ್" ಫೋಲ್ಡರ್‌ನೊಳಗೆ. ಆ ಫೋಲ್ಡರನ್ನು ಬ್ಯಾಕಪ್ ಮಾಡಿಕೊಡುತ್ತೇನೆಂದು ಒನ್‌ಡ್ರೈವ್ ಕೇಳಿದಾಗ ಹೆಚ್ಚಿನವರು ಓದದೆ ಸರಿ ಎಂದಿರುತ್ತಾರೆ. ಆಮೇಲೆ ಲೈಟ್‌ರೂಮ್ ಬರೆಯುತ್ತಿರುವ ಡೇಟಾಬೇಸನ್ನೇ ಒನ್‌ಡ್ರೈವ್ ಅಪ್‌ಲೋಡ್ ಮಾಡಲು ಎಳೆದಾಡುತ್ತದೆ, ಪ್ರಿವ್ಯೂಗಳ ಸಾವಿರಾರು ಚೂರುಗಳು ಇಂಟರ್ನೆಟ್ಟಿಗೆ ಹೊರಡುತ್ತವೆ. ಲೈಟ್‌ರೂಮ್ ನಿಧಾನವಾಯಿತು ಎಂಬ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಕ್ಯಾಟಲಾಗ್ ಫೋಲ್ಡರನ್ನು ಪಿಕ್ಚರ್ಸ್‌ನಿಂದ ಹೊರಗೆ, ಉದಾಹರಣೆಗೆ ಸಿ ಡ್ರೈವ್‌ನಲ್ಲಿ ಪ್ರತ್ಯೇಕ ಫೋಲ್ಡರ್‌ಗೆ ಸರಿಸಿ. ಸರಿಸುವಾಗ ಲೈಟ್‌ರೂಮ್ ಮುಚ್ಚಿರಲಿ, ಆಮೇಲೆ ಕ್ಯಾಟಲಾಗ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯಿರಿ.

ಸ್ಮಾರ್ಟ್ ಪ್ರಿವ್ಯೂ: ಹಣ ಕೊಡುವುದೇ ಇದಕ್ಕೆ

2013ರಲ್ಲಿ ಲೈಟ್‌ರೂಮ್ 5ರ ಜತೆ ಬಂದ ಈ ಸೌಲಭ್ಯ ಇಲ್ಲದಿದ್ದರೆ ಈ ವಿಮರ್ಶೆಯೇ ಬೇಕಿರಲಿಲ್ಲ. ಸ್ಮಾರ್ಟ್ ಪ್ರಿವ್ಯೂ ಎಂದರೆ ರಾ ಫೈಲಿನ ಕುಗ್ಗಿಸಿದ ಡಿಎನ್‌ಜಿ (ಅಡೋಬಿಯದೇ ರಾ ಮಾದರಿ) ಪ್ರತಿ. ಉದ್ದದ ಬದಿ 2560 ಪಿಕ್ಸೆಲ್. ಜೆಪೆಗ್ ಥಂಬ್‌ನೇಲ್ ಅಲ್ಲವಾದ್ದರಿಂದ ವೈಟ್ ಬ್ಯಾಲೆನ್ಸ್, ಹೈಲೈಟ್, ಶ್ಯಾಡೋ ಎಲ್ಲ ರಾ ಫೈಲಿನಂತೆಯೇ ತಿದ್ದಬಹುದು. ಅಡೋಬಿಯ ಲೆಕ್ಕದಲ್ಲಿ 14 ಜಿಬಿ ತೂಗುವ 500 ರಾ ಫೈಲ್‌ಗಳಿಗೆ ಸ್ಮಾರ್ಟ್ ಪ್ರಿವ್ಯೂ 400 ಎಂಬಿ ಮಾತ್ರ. ಅಂದರೆ ಮೇಲಿನ 150 ಜಿಬಿ ಮದುವೆ ಸುಮಾರು 4 ಜಿಬಿಗೆ ಇಳಿಯುತ್ತದೆ. ಡ್ರೈವ್ ಸ್ಟುಡಿಯೊದ ಕಪಾಟಿನಲ್ಲಿರಲಿ, ನೀವು ಮೆಟ್ರೊದಲ್ಲಿ ಕೂತು ಕಲರ್ ಕರೆಕ್ಷನ್ ಮುಗಿಸಬಹುದು. ಡ್ರೈವ್ ಮತ್ತೆ ಜೋಡಿಸಿದ ಕೂಡಲೇ ಅದೇ ಬದಲಾವಣೆ ಮೂಲ ಫೈಲಿಗೆ ಅನ್ವಯವಾಗುತ್ತದೆ, ನೀವೇನೂ ಒತ್ತಬೇಕಿಲ್ಲ.

ಫೋಟೋಗಳನ್ನು ಕ್ಯಾಟಲಾಗ್‌ಗೆ ಸೇರಿಸುವ ಇಂಪೋರ್ಟ್ ಪರದೆಯ ಬಲಗಡೆ "ಬಿಲ್ಡ್ ಸ್ಮಾರ್ಟ್ ಪ್ರಿವ್ಯೂಸ್" ಎಂಬ ಚೌಕಕ್ಕೆ ಗುರುತು ಹಾಕಿದರೆ ಹೊಸ ಫೋಟೋಗಳಿಗೆ ಆಯಿತು. ಹಳೆಯವಕ್ಕೆ ಲೈಬ್ರರಿ ಮೆನುವಿನ ಪ್ರಿವ್ಯೂಸ್ ಕೆಳಗೆ ಅದೇ ಹೆಸರಿನ ಆಯ್ಕೆ ಇದೆ. ಇಡೀ ಡ್ರೈವ್ ಆಯ್ದುಕೊಂಡು ರಾತ್ರಿ ಬಿಟ್ಟುಹೋಗುವ ಕೆಲಸ ಅದು. ಹಿಸ್ಟೋಗ್ರಾಮ್ ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿ: "ಒರಿಜಿನಲ್ ಪ್ಲಸ್ ಸ್ಮಾರ್ಟ್ ಪ್ರಿವ್ಯೂ" ಎಂದಿದ್ದರೆ ನಿಶ್ಚಿಂತೆಯಿಂದ ಡ್ರೈವ್ ತೆಗೆಯಬಹುದು. "ಒರಿಜಿನಲ್ ಫೋಟೋ" ಎಂದಷ್ಟೇ ಇದ್ದರೆ ಡ್ರೈವ್ ತೆಗೆದ ಮೇಲೆ ಆ ಚಿತ್ರ ನೋಡಲಷ್ಟೇ ಸಿಗುತ್ತದೆ, ಡೆವಲಪ್ ಎಂಬ ಎಡಿಟಿಂಗ್ ವಿಭಾಗ ಕೈಗೆಟುಕುವುದಿಲ್ಲ.

ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ, ಎಡಿಟಿಂಗ್‌ಗೆ ಮೂಲ ಫೈಲಿನ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು ಎಂಬ ಆಯ್ಕೆಯೂ ಇದೆ. ಡ್ರೈವ್ ಜೋಡಿಸಿದ್ದರೂ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೆವಲಪ್ ಹಗುರಾಗುವುದು ಇದರಿಂದಲೇ. 45 ಮೆಗಾಪಿಕ್ಸೆಲ್ ಫೈಲ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಮಿತಿಗಳನ್ನು ಅಡೋಬಿ ಗಟ್ಟಿಯಾಗಿ ಹೇಳುವುದಿಲ್ಲ. ಡ್ರೈವ್ ಇಲ್ಲದೆ ಎಕ್ಸ್‌ಪೋರ್ಟ್ ಮಾಡಿದರೆ 2560 ಪಿಕ್ಸೆಲ್‌ಗಿಂತ ದೊಡ್ಡದು ಬರುವುದಿಲ್ಲ. ಗಿರಾಕಿಗೆ ವಾಟ್ಸ್ಯಾಪ್‌ನಲ್ಲಿ ಸೆಲೆಕ್ಷನ್‌ಗೆ ಕಳಿಸಲು, ಇನ್‌ಸ್ಟಾಗ್ರಾಂಗೆ ಹಾಕಲು ಬೇಕಾದಷ್ಟಾಯಿತು. ಪ್ರಿಂಟ್‌ಗೆ ಮಾತ್ರ ಅಲ್ಲ: 300 ಡಿಪಿಐ ಲೆಕ್ಕದಲ್ಲಿ 2560 ಪಿಕ್ಸೆಲ್ ಎಂದರೆ ಎಂಟೂವರೆ ಇಂಚು. ನಮ್ಮಲ್ಲಿ ಹೆಚ್ಚು ಓಡುವ 12×36 ಆಲ್ಬಂನಲ್ಲಿ ಒಂದು ಪುಟದ ತುಂಬ, ಅಂದರೆ 12×18 ಇಂಚಿಗೆ ಒಂದೇ ಫೋಟೋ ಕೂರಿಸಲು 5400×3600 ಪಿಕ್ಸೆಲ್ ಬೇಕು. ಸ್ಮಾರ್ಟ್ ಪ್ರಿವ್ಯೂನಿಂದ ಹೊರಟ ಜೆಪೆಗ್ ಆಲ್ಬಂ ಡಿಸೈನರ್ ಕೈಗೆ ಹೋಗಿಬಿಟ್ಟರೆ ಮುಖಗಳು ಮೇಣದಂತೆ ಪ್ರಿಂಟಾಗುವುದು ಈ ಕಾರಣಕ್ಕೆ. ಲ್ಯಾಬ್‌ನವರನ್ನು ಬೈದು ಪ್ರಯೋಜನವಿಲ್ಲ. ಆಲ್ಬಂ ಎಕ್ಸ್‌ಪೋರ್ಟ್‌ಗೆ ಮುಂಚೆ ಡ್ರೈವ್ ಜೋಡಿಸಿರುವುದನ್ನು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಹಾಗೆಯೇ ಫೋಕಸ್ ಕಣ್ಣಿನ ಮೇಲಿದೆಯೋ ಕಿವಿಯ ಮೇಲಿದೆಯೋ ಎಂದು ನೋಡುವುದು, ಶಾರ್ಪನಿಂಗ್ ಮತ್ತು ನಾಯ್ಸ್ ಎಷ್ಟು ಬೇಕೆಂದು ತೀರ್ಮಾನಿಸುವುದು ಮೂಲ ಫೈಲ್ ಮೇಲೆಯೇ ಆಗಬೇಕು. ಎಐ ಡಿನಾಯ್ಸ್‌ಗೂ, ಫೋಟೋಶಾಪ್‌ಗೆ ಕಳಿಸುವುದಕ್ಕೂ ಡ್ರೈವ್ ಬೇಕೇ ಬೇಕು.

ಸ್ಮಾರ್ಟ್ ಪ್ರಿವ್ಯೂ ಬ್ಯಾಕಪ್ ಅಲ್ಲ ಎಂದು ಬಿಡಿಸಿ ಹೇಳಬೇಕಾಗಿದೆ. ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಕ್ಲೌಡ್ ಬಗ್ಗೆ. ಪ್ಲಾನ್‌ನಲ್ಲಿ 1 ಟಿಬಿ ಕ್ಲೌಡ್ ಇದೆ, ಹಾಗಾಗಿ ನನ್ನ ರಾ ಫೈಲ್‌ಗಳು ಅಡೋಬಿ ಬಳಿ ಸುರಕ್ಷಿತ ಎಂದು ನಂಬಿರುವವರು ಬಹಳ. ಕ್ಲಾಸಿಕ್‌ನಿಂದ ಸಿಂಕ್ ಮಾಡಿದಾಗ ಮೇಲೆ ಹೋಗುವುದು ಸ್ಮಾರ್ಟ್ ಪ್ರಿವ್ಯೂಗಳು ಮಾತ್ರ, ಮೂಲ ಫೈಲ್‌ಗಳಲ್ಲ. ಆ 1 ಟಿಬಿ ಕ್ಲಾಸಿಕ್ ಬಳಸುವವರಿಗೆ ಬಹುಮಟ್ಟಿಗೆ ಖಾಲಿ ಸೈಟು.

ಫೋಲ್ಡರ್ ಮೇಲಿನ ಪ್ರಶ್ನಾರ್ಥಕ ಚಿಹ್ನೆ

ಎಡಗಡೆಯ ಫೋಲ್ಡರ್ಸ್ ಪ್ಯಾನೆಲ್‌ನಲ್ಲಿ ಪ್ರತಿ ಡ್ರೈವ್‌ಗೂ ಒಂದು ಸಾಲು, ಅದರ ಮುಂದೆ ಒಂದು ಸಣ್ಣ ದೀಪ. ಹಸಿರು ಎಂದರೆ 10 ಜಿಬಿಗಿಂತ ಹೆಚ್ಚು ಜಾಗವಿದೆ, ಹಳದಿ ಅದಕ್ಕಿಂತ ಕಡಿಮೆ, ಕಿತ್ತಳೆ 5 ಜಿಬಿಗಿಂತ ಕಡಿಮೆ, ಕೆಂಪು 1 ಜಿಬಿಗಿಂತ ಕಡಿಮೆ. ಮದುವೆ ಕೆಲಸಕ್ಕೆ ಇದು ನಗೆಪಾಟಲು. 150 ಜಿಬಿ ಇಂಪೋರ್ಟ್ ಮಾಡುವವನಿಗೆ 11 ಜಿಬಿ ಉಳಿದ ಡ್ರೈವ್ ಹಸಿರು ತೋರಿಸಿದರೆ ಏನು ಬಂತು? ದೀಪ ನಂಬಬೇಡಿ, ಪಕ್ಕದ ಅಂಕಿ ಓದಿ.

ಡ್ರೈವ್ ಜೋಡಿಸಿದ್ದರೂ ಫೋಲ್ಡರ್ ಮೇಲೆ ಪ್ರಶ್ನಾರ್ಥಕ ಚಿಹ್ನೆ, ಫೋಟೋ ಮೇಲೆ ಆಶ್ಚರ್ಯಸೂಚಕ ಬಂದರೆ ಗಾಬರಿ ಬೇಡ. ಫೋಟೋ ಕಳೆದಿಲ್ಲ, ಕ್ಯಾಟಲಾಗ್ ಬಳಿ ಇರುವ ವಿಳಾಸ ತಪ್ಪಾಗಿದೆ ಅಷ್ಟೇ. ಕಾರಣಗಳು ಹೆಚ್ಚಾಗಿ ಎರಡು. ಒಂದು, ಯಾರೋ ಎಕ್ಸ್‌ಪ್ಲೋರರ್ ಅಥವಾ ಫೈಂಡರ್‌ನಲ್ಲಿ ಫೋಲ್ಡರ್ ಹೆಸರು ಬದಲಿಸಿದ್ದಾರೆ. ಎರಡು, ವಿಂಡೋಸ್ ಆ ಡ್ರೈವ್‌ಗೆ ನಿನ್ನೆ ಇ ಅಕ್ಷರ ಕೊಟ್ಟಿತ್ತು, ಇವತ್ತು ಪೆನ್‌ಡ್ರೈವ್ ಮೊದಲು ಸಿಕ್ಕಿಸಿದ್ದರಿಂದ ಎಫ್ ಕೊಟ್ಟಿದೆ. ಇದಕ್ಕೆ ಒಂದೇ ಬಾರಿಗೆ ಮದ್ದು ಮಾಡಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್, ಡ್ರೈವ್ ಮೇಲೆ ರೈಟ್ ಕ್ಲಿಕ್, "ಚೇಂಜ್ ಡ್ರೈವ್ ಲೆಟರ್". ಅಕ್ಷರಮಾಲೆಯ ಕೊನೆಯ ಕಡೆಯಿಂದ, ಪಿ, ಕ್ಯೂ, ಆರ್ ಹೀಗೆ ಒಂದೊಂದು ಡ್ರೈವ್‌ಗೆ ಒಂದು ಅಕ್ಷರ ಕೊಟ್ಟು ಅದೇ ಅಕ್ಷರವನ್ನು ಡ್ರೈವ್ ಮೈಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಮ್ಯಾಕ್‌ನಲ್ಲಿ ಅಕ್ಷರದ ಗೋಜಿಲ್ಲ, ಡ್ರೈವ್ ಹೆಸರೇ ವಿಳಾಸ. ಅಂಗಡಿಯಿಂದ ತಂದ ಎರಡು ಡ್ರೈವ್‌ಗಳಿಗೂ ಕಂಪನಿ ಇಟ್ಟ ಒಂದೇ ಹೆಸರಿದ್ದು ಎರಡನ್ನೂ ಒಟ್ಟಿಗೆ ಜೋಡಿಸಿದರೆ ಎರಡನೆಯದರ ವಿಳಾಸಕ್ಕೆ ಮ್ಯಾಕ್ ತಾನೇ 1 ಎಂದು ಸೇರಿಸುತ್ತದೆ, ಆಗ ಗೊಂದಲ. ತಂದ ದಿನವೇ ಹೆಸರಿಡಿ.

ಡ್ರೈವ್ ತೆರೆದ ಕೂಡಲೇ ಕಾಣುವ ಮೇಲ್ಮಟ್ಟದಲ್ಲೇ ಮದುವೆಗೊಂದು ಫೋಲ್ಡರ್ ಹರಡಬೇಡಿ. ಒಂದೇ ಒಂದು ತಾಯಿ ಫೋಲ್ಡರ್, ಅದರೊಳಗೆ ವರ್ಷ, ಅದರೊಳಗೆ ದಿನಾಂಕದಿಂದ ಶುರುವಾಗುವ ಹೆಸರು: 2024-11-17, ಆಮೇಲೆ ವಧೂವರರ ಹೆಸರು, ಛತ್ರ. ಇಸವಿ ಮೊದಲು ಬಂದರೆ ತನ್ನಷ್ಟಕ್ಕೆ ಕಾಲಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ತಾಯಿ ಫೋಲ್ಡರ್‌ನ ನಿಜವಾದ ಲಾಭ ಡ್ರೈವ್ ಬದಲಿಸುವಾಗ ಗೊತ್ತಾಗುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಶೋ ಪೇರೆಂಟ್ ಫೋಲ್ಡರ್" ಒತ್ತಿ ಅದು ಪ್ಯಾನೆಲ್‌ನಲ್ಲಿ ಕಾಣುವಂತೆ ಮಾಡಿ. ಆಗ 4 ಟಿಬಿ ಡ್ರೈವ್ ಇಡಿಯಾಗಿ ಹೊಸದಕ್ಕೆ ಹೋದರೂ ತಾಯಿ ಫೋಲ್ಡರ್‌ಗೆ ಒಮ್ಮೆ "ಫೈಂಡ್ ಮಿಸ್ಸಿಂಗ್ ಫೋಲ್ಡರ್" ಎಂದು ಹೊಸ ಜಾಗ ತೋರಿಸಿದರೆ ಸಾಕು, ಒಳಗಿನ ಎಲ್ಲ ಮದುವೆಗಳೂ ಹಿಂದೆಯೇ ಬರುತ್ತವೆ. ಇಲ್ಲದಿದ್ದರೆ ಪ್ರತಿ ಮದುವೆಗೂ ಪ್ರತ್ಯೇಕವಾಗಿ ಇದೇ ಗೋಳು.

ಡ್ರೈವ್‌ನಿಂದ ಡ್ರೈವ್‌ಗೆ ಫೈಲ್ ಸಾಗಿಸಲು ಲೈಟ್‌ರೂಮ್ ಒಳಗೇ ಫೋಲ್ಡರ್ ಎಳೆದುಬಿಡಬಹುದು, ಒಂದೆರಡು ಫೋಲ್ಡರ್‌ಗೆ ಅದು ಸರಿ. ಟೆರಾಬೈಟ್‌ಗಟ್ಟಲೆಗೆ ಬೇಡ. ನಡುವೆ ಕೇಬಲ್ ಸಡಿಲವಾದರೆ ಯಾವುದು ಹೋಯಿತು, ಯಾವುದು ಉಳಿಯಿತು ಎಂಬ ಲೆಕ್ಕ ಸಿಗುವುದಿಲ್ಲ. ಲೈಟ್‌ರೂಮ್ ಮುಚ್ಚಿ, ವಿಂಡೋಸ್‌ನಲ್ಲಿ ಟೆರಾಕಾಪಿ, ಮ್ಯಾಕ್‌ನಲ್ಲಿ ಕಾರ್ಬನ್ ಕಾಪಿ ಕ್ಲೋನರ್‌ನಂಥ ತಂತ್ರಾಂಶದಿಂದ ವೆರಿಫೈ (ಪ್ರತಿಯನ್ನು ಮೂಲದ ಜತೆ ತಾಳೆ ನೋಡುವ ಆಯ್ಕೆ) ಆನ್ ಮಾಡಿ ಕಾಪಿ ಮಾಡಿ, ಹಳೆಯ ಡ್ರೈವ್ ಕಿತ್ತು ಹೊಸದಕ್ಕೆ ಅದೇ ಅಕ್ಷರ ಅಥವಾ ಅದೇ ಹೆಸರು ಕೊಡಿ. ಲೈಟ್‌ರೂಮ್‌ಗೆ ಡ್ರೈವ್ ಬದಲಾದದ್ದೇ ತಿಳಿಯುವುದಿಲ್ಲ. ಹಳೆಯದನ್ನು ಕೂಡಲೇ ಫಾರ್ಮ್ಯಾಟ್ ಮಾಡದೆ ಒಂದು ತಿಂಗಳು ಎತ್ತಿಡಿ.

ಇಂಪೋರ್ಟ್‌ನಲ್ಲಿ ಕೈಕೊಡುವ ಜಾಗಗಳು

ದೊಡ್ಡ ದೂರು ಇದು: ಕಾರ್ಡ್‌ನಿಂದ ಡ್ರೈವ್‌ಗೆ ಕಾಪಿಯಾದ ಫೈಲ್ ಮೂಲದ ಜತೆ ಬೈಟ್‌ಗೆ ಬೈಟ್ ಹೊಂದುತ್ತದೆಯೇ ಎಂದು ಲೈಟ್‌ರೂಮ್ ಚೆಕ್‌ಸಮ್ ಹಾಕಿ ನೋಡುವುದಿಲ್ಲ. ಲೈಬ್ರರಿ ಮೆನುವಿನಲ್ಲಿ "ವ್ಯಾಲಿಡೇಟ್ ಡಿಎನ್‌ಜಿ ಫೈಲ್ಸ್" ಎಂದಿದೆ, ಹೆಸರೇ ಹೇಳುವಂತೆ ಅದು ಡಿಎನ್‌ಜಿಗೆ ಮಾತ್ರ. ನಿಕಾನ್, ಕ್ಯಾನನ್, ಸೋನಿಯ ಸ್ವಂತ ರಾ ಫೈಲ್‌ಗಳಿಗೆ ಆ ರಕ್ಷೆ ಇಲ್ಲ. ವೃತ್ತಿಪರರಿಗೆಂದು ತಿಂಗಳ ಬಾಡಿಗೆ ವಸೂಲಿ ಮಾಡುವ ತಂತ್ರಾಂಶದಲ್ಲಿ ಈ ಕೊರತೆಗೆ ಸಮರ್ಥನೆ ಇಲ್ಲ. ಅದಕ್ಕೇ ಕಾರ್ಡ್ ಕಾಪಿಯನ್ನು ಲೈಟ್‌ರೂಮ್ ಹೊರಗೆ ವೆರಿಫೈ ಸಮೇತ ಮುಗಿಸಿ, ಆಮೇಲೆ ಇಂಪೋರ್ಟ್‌ನಲ್ಲಿ "ಕಾಪಿ" ಬದಲು "ಆ್ಯಡ್" ಬಳಸುವುದೇ ಲೇಸು. ಆ್ಯಡ್‌ನಲ್ಲಿ ಫೈಲ್ ಕದಲುವುದಿಲ್ಲ, ಕ್ಯಾಟಲಾಗ್‌ನಲ್ಲಿ ದಾಖಲಾಗುತ್ತದೆ ಅಷ್ಟೇ.

"ಮೇಕ್ ಎ ಸೆಕೆಂಡ್ ಕಾಪಿ" ಎಂಬ ಆಯ್ಕೆ ನೋಡಲು ಬ್ಯಾಕಪ್‌ನಂತಿದೆ. ಅದು ಎರಡನೇ ಡ್ರೈವ್‌ನಲ್ಲಿ ಇಂಪೋರ್ಟ್ ಮಾಡಿದ ದಿನಾಂಕದ ಹೆಸರಿನ ಫೋಲ್ಡರ್‌ಗೆ ಎಲ್ಲವನ್ನೂ ಸುರಿಯುತ್ತದೆ. ನಿಮ್ಮ ಫೋಲ್ಡರ್ ರಚನೆ ಅಲ್ಲಿರುವುದಿಲ್ಲ, ನೀವು ಆಮೇಲೆ ಅಳಿಸಿದ 2,000 ಫೋಟೋ ಅಲ್ಲಿ ಅಳಿಯುವುದಿಲ್ಲ. ಶೂಟ್ ಮುಗಿದ ರಾತ್ರಿಯ ತುರ್ತು ಪ್ರತಿಯಾಗಿ ಇರಲಿ, ಬ್ಯಾಕಪ್ ಎನ್ನಬೇಡಿ.

ಫೋಟೋ ಆರಿಸುವ ವೇಗಕ್ಕೆ 2017ರ ಅಕ್ಟೋಬರ್‌ನಲ್ಲಿ, "ಕ್ಲಾಸಿಕ್" ಎಂಬ ಹೆಸರು ಬಂದಾಗಲೇ ಚುರುಕುಗೊಂಡ "ಎಂಬೆಡೆಡ್ ಆ್ಯಂಡ್ ಸೈಡ್‌ಕಾರ್" ಪ್ರಿವ್ಯೂ ಬಳಸಿ. ಕ್ಯಾಮೆರಾ ರಾ ಫೈಲಿನೊಳಗೇ ಇಟ್ಟಿರುವ ಜೆಪೆಗ್ಗನ್ನು ಎತ್ತಿ ತೋರಿಸುವುದರಿಂದ ಕಾಯುವಿಕೆ ತಗ್ಗುತ್ತದೆ. ಆದರೂ ಬರೀ ಆರಿಸುವ ವೇಗದಲ್ಲಿ ಫೋಟೋ ಮೆಕ್ಯಾನಿಕ್ ಎಂಬ ತಂತ್ರಾಂಶದ ಮುಂದೆ ಲೈಟ್‌ರೂಮ್ ಈಗಲೂ ಏದುಸಿರು ಬಿಡುತ್ತದೆ. 1:1 ಪ್ರಿವ್ಯೂಗಳು, ಅಂದರೆ ಪೂರ್ಣ ಗಾತ್ರದವು, ಡಿಸ್ಕ್ ನುಂಗುತ್ತವೆ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ 30 ದಿನಕ್ಕೆ ಅಳಿಸು ಎಂದಿರುವುದನ್ನು ಒಂದು ವಾರಕ್ಕೆ ಇಳಿಸಬಹುದು.

ಇಂಪೋರ್ಟ್ ನಡುವೆ ಡ್ರೈವ್ ಮಾಯವಾಗುವುದಕ್ಕೆ ಲೈಟ್‌ರೂಮ್ ಕಾರಣವಾಗುವುದು ಅಪರೂಪ. ಪವರ್ ಇಲ್ಲದ ಯುಎಸ್‌ಬಿ ಹಬ್, ಸವೆದ ಕೇಬಲ್, ವಿಂಡೋಸ್ ಪವರ್ ಆಯ್ಕೆಯಲ್ಲಿರುವ "ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್", ಮ್ಯಾಕ್‌ನಲ್ಲಿ ಹಾರ್ಡ್ ಡಿಸ್ಕನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್ ಇವನ್ನು ಈ ಕ್ರಮದಲ್ಲೇ ನೋಡಿ. ಅಡಾಪ್ಟರ್ ಬೇಡುವ ಮೂರೂವರೆ ಇಂಚಿನ ಡೆಸ್ಕ್‌ಟಾಪ್ ಡ್ರೈವ್ ಇದ್ದರೆ ಯುಪಿಎಸ್ ಇಲ್ಲದೆ ಬಳಸಬೇಡಿ. ಮಳೆ ಬಂದಾಗ ಬೆಸ್ಕಾಂ ಕರೆಂಟ್ ಹೋಗುವುದು ಬರೆಯುವ ಮಧ್ಯೆಯೇ ಆಗಬಹುದು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಆ ಡ್ರೈವ್‌ಗಿಲ್ಲ.

ಯಾವ ಡ್ರೈವ್ ಜತೆ ಹೊಂದುತ್ತದೆ

ಎಡಿಟಿಂಗ್‌ಗೆ ಎಸ್‌ಎಸ್‌ಡಿ ಬೇಕೇ ಬೇಕು ಎಂದು ಎಸ್.ಪಿ. ರಸ್ತೆಯ ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ಡೆವಲಪ್‌ನಲ್ಲಿ ಒಂದು ರಾ ಫೈಲ್ ಒಮ್ಮೆ ಓದಿದರೆ ಮುಗಿಯಿತು. ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಎಂಬಿ ಕೊಟ್ಟರೂ 30 ಎಂಬಿ ಫೈಲ್ ಕಾಲು ಸೆಕೆಂಡಿನಲ್ಲಿ ಬರುತ್ತದೆ. ಉಳಿದ ಕಾಯುವಿಕೆ ಪ್ರೊಸೆಸರ್‌ದು. ವ್ಯತ್ಯಾಸ ಕಾಣುವುದು ಡ್ರೈವ್‌ನಿಂದ ಡ್ರೈವ್‌ಗೆ ಕಾಪಿ ಮಾಡುವಾಗ ಮತ್ತು ಸಾವಿರಗಟ್ಟಲೆ 1:1 ಪ್ರಿವ್ಯೂ ಕಟ್ಟುವಾಗ. 150 ಜಿಬಿಗೆ ಆ ಹಾರ್ಡ್ ಡಿಸ್ಕ್ 21 ನಿಮಿಷ, ಸೆಕೆಂಡಿಗೆ 800 ಎಂಬಿ ಬರೆಯುವ ಎಸ್‌ಎಸ್‌ಡಿ 3 ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ಕಾರ್ಡ್ ರೀಡರ್ ಯುಎಚ್‌ಎಸ್-1 ದರ್ಜೆಯದಾಗಿದ್ದರೆ ಅದು ಸೆಕೆಂಡಿಗೆ 90 ಎಂಬಿ ಆಸುಪಾಸು ಕೊಡುವುದರಿಂದ ಎಸ್‌ಎಸ್‌ಡಿ ಹಾಕಿದರೂ ಇಂಪೋರ್ಟ್‌ಗೆ ಅರ್ಧ ಗಂಟೆ. ರೀಡರ್ ಬದಲಿಸದೆ ಡ್ರೈವ್ ಬದಲಿಸುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಕೇಬಲ್ ಮೇಲೂ ಒಂದು ಕಣ್ಣಿರಲಿ. ಎಸ್‌ಎಸ್‌ಡಿ ಜತೆ ಬಂದ ಗಿಡ್ಡ ಕೇಬಲ್ ಕಳೆದು ಫೋನ್ ಚಾರ್ಜರಿನ ಟೈಪ್-ಸಿ ಕೇಬಲ್ ಸಿಕ್ಕಿಸಿದರೆ ಅದು ಬಹಳ ಸಲ ಯುಎಸ್‌ಬಿ 2.0 ಮಾತ್ರ. ವೇಗ 35–40 ಎಂಬಿಗೆ ಕುಸಿದು ಅದೇ 150 ಜಿಬಿ ಗಂಟೆ ದಾಟುತ್ತದೆ. ಡ್ರೈವ್ ಹಾಳಾಯಿತೆಂದು ಅಂಗಡಿಗೆ ಓಡುವ ಮೊದಲು ಕೇಬಲ್ ಬದಲಿಸಿ ನೋಡಿ.

ನಮ್ಮ ಸಲಹೆ: ನಡೆಯುತ್ತಿರುವ ಕೆಲಸಕ್ಕೆ 1 ಅಥವಾ 2 ಟಿಬಿ ಎಸ್‌ಎಸ್‌ಡಿ, ಮುಗಿದ ಕೆಲಸಕ್ಕೆ ಹಾರ್ಡ್ ಡಿಸ್ಕ್ ಎರಡು ಪ್ರತಿ. ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಮನೆಯಲ್ಲಿ. ವರ್ಷಗಟ್ಟಲೆ ಕರೆಂಟ್ ಕಾಣದೆ ಕಪಾಟಿನಲ್ಲಿ ಮಲಗುವ ಡೇಟಾಕ್ಕೆ ಎಸ್‌ಎಸ್‌ಡಿ ಸೂಕ್ತವಲ್ಲ. ಅದರ ಕೋಶಗಳಲ್ಲಿನ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ. ಸಣ್ಣ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ತಂತ್ರದವು, ಅಂದರೆ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಹೊದ್ದಿರುತ್ತವೆ. ಒಂದೇ ಸಮನೆ ನೂರಾರು ಜಿಬಿ ಬರೆದರೆ ನಡುವೆ ವೇಗ ಮುಗ್ಗರಿಸುತ್ತದೆ. ಆರ್ಕೈವ್‌ಗೆ ತೊಂದರೆಯಿಲ್ಲ, ದಿನನಿತ್ಯದ ಕೆಲಸಕ್ಕೆ ಬೇಡ.

ಫಾರ್ಮ್ಯಾಟ್ ವಿಷಯ: ವಿಂಡೋಸ್ ಮಾತ್ರವಾದರೆ ಎನ್‌ಟಿಎಫ್‌ಎಸ್. ಮ್ಯಾಕ್ ಮಾತ್ರವಾದರೆ ಎಸ್‌ಎಸ್‌ಡಿಗೆ ಎಪಿಎಫ್‌ಎಸ್, ತಿರುಗುವ ಡಿಸ್ಕಿಗೆ ಹಳೆಯ ಮ್ಯಾಕ್ ಒಎಸ್ ಎಕ್ಸ್‌ಟೆಂಡೆಡ್, ಏಕೆಂದರೆ ಎಪಿಎಫ್‌ಎಸ್ ರೂಪಿಸಿದ್ದು ಎಸ್‌ಎಸ್‌ಡಿಗಾಗಿ. ಎರಡೂ ಕಡೆ ಓಡಾಡುವ ಡ್ರೈವ್‌ಗೆ ಎಕ್ಸ್‌ಫ್ಯಾಟ್ ಅನಿವಾರ್ಯ, ಆದರೆ ಅದರಲ್ಲಿ ಜರ್ನಲಿಂಗ್ (ಬದಲಾವಣೆಯನ್ನು ಮೊದಲೇ ದಾಖಲಿಸಿಕೊಳ್ಳುವ ವ್ಯವಸ್ಥೆ) ಇಲ್ಲದ ಕಾರಣ ಇಜೆಕ್ಟ್ ಮಾಡದೆ ಕಿತ್ತರೆ ಫೋಲ್ಡರ್ ಪಟ್ಟಿಯೇ ಕೆಡಬಹುದು. ಲೈಟ್‌ರೂಮ್ ತೆರೆದಿದ್ದರೆ ಇಜೆಕ್ಟ್ ಆಗುವುದಿಲ್ಲ ಎಂದು ಸಿಸ್ಟಂ ಹಟ ಹಿಡಿಯುತ್ತದೆ. ಮುಚ್ಚಿ, ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿ.

ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಜಿಎಸ್‌ಟಿ ಬಿಲ್, ಅದರಲ್ಲಿ ಸೀರಿಯಲ್ ನಂಬರ್ ಕೇಳಿ ಪಡೆಯಿರಿ. ವಾರಂಟಿಗೆ ಆಧಾರ ಅದೇ. ಮನೆಗೆ ಬಂದು ಡ್ರೈವ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಪವರ್-ಆನ್ ಗಂಟೆ ನೋಡಿ. ಹೊಸ ಡ್ರೈವ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು, ನೂರಾರು ಗಂಟೆ ಇದ್ದರೆ ಅದು ಯಾರೋ ಬಳಸಿದ ಮಾಲು. ಅದೇ ಪುಟದಲ್ಲಿ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್‌ಗಳ (ಕೆಟ್ಟ, ಕೆಡುತ್ತಿರುವ ಜಾಗಗಳ) ಸಾಲನ್ನು ಆಗಾಗ ನೋಡುತ್ತಿರಿ. ಸೊನ್ನೆಯಿಂದ ಏರತೊಡಗಿದರೆ ಅಂದೇ ಡೇಟಾ ಬೇರೆಡೆಗೆ ಸಾಗಿಸಿ. ತೀರಾ ಅಗ್ಗಕ್ಕೆ ಸಿಕ್ಕ "16 ಟಿಬಿ" ಎಸ್‌ಎಸ್‌ಡಿಗಳ ಅಸಲಿ ಗಾತ್ರ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿದರೆ ಬಯಲಾಗುತ್ತದೆ. 4 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 3.63 ಎಂದು ಕಂಡರೆ ಮಾತ್ರ ಜಗಳಕ್ಕೆ ಹೋಗಬೇಡಿ, ಅದು ಎಣಿಕೆಯ ಕ್ರಮ ಬೇರೆ ಇರುವುದರಿಂದ.

ಎಡಿಟರ್‌ಗೆ ಡ್ರೈವ್ ಕಳಿಸದೆ ಕೆಲಸ ಕೊಡುವುದು

ವೈಟ್‌ಫೀಲ್ಡ್‌ನಲ್ಲಿರುವ ಎಡಿಟರ್‌ಗೆ ಬಸವನಗುಡಿಯಿಂದ ಬೈಕ್ ಕೊರಿಯರ್‌ನಲ್ಲಿ ಡ್ರೈವ್ ಕಳಿಸುವ ಪದ್ಧತಿಯನ್ನು ಲೈಟ್‌ರೂಮ್ ನಿಜವಾಗಿಯೂ ತಪ್ಪಿಸಬಲ್ಲದು. ಮದುವೆಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್, "ಎಕ್ಸ್‌ಪೋರ್ಟ್ ದಿಸ್ ಫೋಲ್ಡರ್ ಆ್ಯಸ್ ಎ ಕ್ಯಾಟಲಾಗ್". ಅಲ್ಲಿ ನೆಗೆಟಿವ್ ಫೈಲ್ಸ್ (ಅಂದರೆ ಮೂಲ ಫೈಲ್‌ಗಳು) ಗುರುತು ತೆಗೆದು ಸ್ಮಾರ್ಟ್ ಪ್ರಿವ್ಯೂಸ್ ಗುರುತು ಹಾಕಿ. ಹೊರಬರುವ 4–5 ಜಿಬಿ ಫೋಲ್ಡರನ್ನು ಜಿಪ್ ಮಾಡಿ ಕ್ಲೌಡ್ ಲಿಂಕ್‌ನಲ್ಲಿ ಕಳಿಸಬಹುದು. ಎಡಿಟರ್ ಕೆಲಸ ಮುಗಿಸಿ ಕ್ಯಾಟಲಾಗ್ ವಾಪಸ್ ಕಳಿಸಿದಾಗ ಫೈಲ್ ಮೆನುವಿನಿಂದ "ಇಂಪೋರ್ಟ್ ಫ್ರಂ ಅನದರ್ ಕ್ಯಾಟಲಾಗ್". ಹೊಸ ಫೋಟೋ ಬೇಡ ಎಂದಿಟ್ಟು, ಬದಲಾದ ಫೋಟೋಗಳಿಗೆ "ಮೆಟಾಡೇಟಾ ಆ್ಯಂಡ್ ಡೆವಲಪ್ ಸೆಟ್ಟಿಂಗ್ಸ್ ಓನ್ಲಿ" ಆರಿಸಿ. ಹಳೆಯ ಸೆಟ್ಟಿಂಗನ್ನು ವರ್ಚುಯಲ್ ಕಾಪಿಯಾಗಿ (ಫೈಲ್ ನಕಲಾಗದೆ ಕ್ಯಾಟಲಾಗ್‌ನಲ್ಲಷ್ಟೇ ಇರುವ ಇನ್ನೊಂದು ಎಡಿಟ್) ಉಳಿಸು ಎಂಬ ಚೌಕಕ್ಕೂ ಗುರುತು ಹಾಕಿದರೆ ಎಡಿಟರ್ ಬಣ್ಣ ಹಿಡಿಸದಿದ್ದಾಗ ಹಿಂದಕ್ಕೆ ಬರಲು ದಾರಿ ಇರುತ್ತದೆ. ಆದರೆ ಆ ಅವಧಿಯಲ್ಲಿ ಇಲ್ಲಿ ನೀವೂ ಅವೇ ಫೋಟೋ ಮುಟ್ಟಬಾರದು. ಇಬ್ಬರ ಎಡಿಟ್‌ಗಳನ್ನು ಬೆರೆಸುವ ಬುದ್ಧಿ ಇದಕ್ಕಿಲ್ಲ, ವಾಪಸ್ ಬಂದದ್ದೇ ಗೆಲ್ಲುತ್ತದೆ.

ಕೀವರ್ಡ್‌ಗಳನ್ನು ಕನ್ನಡದಲ್ಲೇ ಹಾಕಬಹುದು: ಮದುವೆ, ಅದರ ಕೆಳಗೆ ಧಾರೆ, ಲಾಜಾಹೋಮ, ಸಪ್ತಪದಿ. ಡ್ರೈವ್ ಬೀರುವಿನಲ್ಲಿದ್ದರೂ ಹುಡುಕಾಟಕ್ಕೆ ಸಿಗುತ್ತವೆ. ಒಬ್ಬರು ಕನ್ನಡ, ಇನ್ನೊಬ್ಬರು ಇಂಗ್ಲಿಷ್ ಅಂತ ಬೆರೆಸಿದರೆ ಮಾತ್ರ ಅರ್ಧ ಫೋಟೋ ಕಾಣದು.

ಬೇರೆಯವರು

ಅಡೋಬಿ ಬ್ರಿಡ್ಜ್ ಉಚಿತ, ಆದರೆ ಜೋಡಿಸಿದ ಡ್ರೈವ್ ಮಾತ್ರ ನೋಡುತ್ತದೆ. ಡಿಜಿಕ್ಯಾಮ್ ಮುಕ್ತ ತಂತ್ರಾಂಶ, ತೆಗೆದಿಡುವ ಡ್ರೈವ್‌ಗಳನ್ನು ಪ್ರತ್ಯೇಕ ವರ್ಗವಾಗಿಯೇ ಗುರುತಿಸುತ್ತದೆ. ಮನೆಯ ಸಂಗ್ರಹಕ್ಕೆ ಒಳ್ಳೆಯದು, ಆಫ್‌ಲೈನ್ ಎಡಿಟಿಂಗ್ ಇಲ್ಲ. ಕ್ಯಾಪ್ಚರ್ ವನ್ ಕ್ಯಾಟಲಾಗ್ ಡ್ರೈವ್ ಇಲ್ಲದೆಯೂ ಪ್ರಿವ್ಯೂ ತೋರಿಸುತ್ತದೆ, ಆದರೆ ಅದರ ಜೀವ ಇರುವುದು ಸ್ಟುಡಿಯೊ ಶೂಟ್‌ಗೊಂದು ಸೆಷನ್ ಎಂಬ ಪದ್ಧತಿಯಲ್ಲಿ. ಆ್ಯಪಲ್ ಫೋಟೋಸ್ ಲೈಬ್ರರಿಯನ್ನೂ ಹೊರಗಿನ ಡ್ರೈವ್‌ಗೆ ಸಾಗಿಸಬಹುದು, ಎಪಿಎಫ್‌ಎಸ್ ಅಥವಾ ಮ್ಯಾಕ್ ಒಎಸ್ ಎಕ್ಸ್‌ಟೆಂಡೆಡ್ ಆಗಿರಬೇಕು. ಮನೆಮಂದಿಯ ಫೋನ್ ಫೋಟೋಗೆ ಸಾಕು, ವೃತ್ತಿಗೆ ಅಲ್ಲ.

ಬ್ಯಾಕಪ್ ಮತ್ತು ಬಾಡಿಗೆ

ಲೈಟ್‌ರೂಮ್ ಮುಚ್ಚುವಾಗ ಕೇಳುವ ಬ್ಯಾಕಪ್ ಕ್ಯಾಟಲಾಗ್‌ನದು ಮಾತ್ರ, ಫೋಟೋಗಳದ್ದಲ್ಲ. ಅದೂ ಕ್ಯಾಟಲಾಗ್ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿ ಕೂರುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಎರಡೂ ಹೋದವು. ಬ್ಯಾಕಪ್ ಕಿಟಕಿಯಲ್ಲಿರುವ "ಚೂಸ್" ಒತ್ತಿ ಜಾಗವನ್ನು ಹೊರಗಿನ ಡ್ರೈವ್‌ಗೆ ಬದಲಿಸಿ, ವಾರಕ್ಕೊಮ್ಮೆ ಎಂದಿಡಿ, ಇಂಟೆಗ್ರಿಟಿ ಟೆಸ್ಟ್ ಗುರುತು ತೆಗೆಯಬೇಡಿ. ಹಳೆಯ ಬ್ಯಾಕಪ್‌ಗಳನ್ನು ಅದು ತಾನಾಗಿ ಅಳಿಸುವುದಿಲ್ಲ, ವರ್ಷದಲ್ಲಿ ಹತ್ತಾರು ಜಿಬಿ ಗುಡ್ಡೆಯಾಗಿರುತ್ತದೆ.

2025ರ ಜನವರಿಯಿಂದ 20 ಜಿಬಿಯ ಅಗ್ಗದ ಫೋಟೋಗ್ರಫಿ ಪ್ಲಾನ್ ಹೊಸ ಗಿರಾಕಿಗಳಿಗೆ ಸಿಗುತ್ತಿಲ್ಲ, 1 ಟಿಬಿ ಪ್ಲಾನೇ ಗತಿ. ಮೂಲ ಫೈಲ್‌ಗೆ ಉಪಯೋಗವಿಲ್ಲದ ಕ್ಲೌಡ್‌ಗೆ ಕ್ಲಾಸಿಕ್ ಬಳಸುವವರು ಹಣ ಕಟ್ಟಬೇಕಾಗಿ ಬಂದಿರುವುದು ನ್ಯಾಯವಲ್ಲ. ಬಾಡಿಗೆ ನಿಲ್ಲಿಸಿದರೆ ಡೆವಲಪ್ ಮತ್ತು ಮ್ಯಾಪ್ ಮಾಡ್ಯೂಲ್‌ಗಳು ಮುಚ್ಚುತ್ತವೆ. ಲೈಬ್ರರಿ ತೆರೆಯುತ್ತದೆ, ಹುಡುಕಬಹುದು, ಮಾಡಿದ ಎಡಿಟ್ ಸಮೇತ ಎಕ್ಸ್‌ಪೋರ್ಟ್ ಮಾಡಬಹುದು. ಬಿಡುವ ಯೋಚನೆ ಇದ್ದವರು ಅದಕ್ಕೂ ಮುಂಚೆ ಎಲ್ಲ ಡ್ರೈವ್ ಜೋಡಿಸಿ, ಎಲ್ಲ ಫೋಟೋ ಆಯ್ದು, "ಸೇವ್ ಮೆಟಾಡೇಟಾ ಟು ಫೈಲ್" ಒತ್ತಿ. ಸ್ಟಾರ್, ಕೀವರ್ಡ್, ಡೆವಲಪ್ ಸೆಟ್ಟಿಂಗ್‌ಗಳು ಎಕ್ಸ್‌ಎಂಪಿ ಫೈಲ್‌ಗಳಾಗಿ ರಾ ಪಕ್ಕದಲ್ಲಿ ಕೂರುತ್ತವೆ. ಸ್ಟಾರ್ ಮತ್ತು ಕೀವರ್ಡ್ ಬೇರೆ ತಂತ್ರಾಂಶಗಳಿಗೂ ಅರ್ಥವಾಗುತ್ತವೆ. ಕಲೆಕ್ಷನ್‌ಗಳು (ಫೋಲ್ಡರ್ ಹಂಗಿಲ್ಲದೆ ಮಾಡಿಕೊಂಡ ಫೋಟೋ ಗುಂಪುಗಳು) ಮತ್ತು ವರ್ಚುಯಲ್ ಕಾಪಿಗಳು ಎಕ್ಸ್‌ಎಂಪಿಗೆ ಬರುವುದಿಲ್ಲ. ಹಾಗಾಗಿ ಪ್ರತಿ ಕಲೆಕ್ಷನ್‌ಗೆ ಅದರದೇ ಹೆಸರಿನ ಕೀವರ್ಡ್ ಹಾಕಿ, ಬೇಕಾದ ವರ್ಚುಯಲ್ ಕಾಪಿಗಳನ್ನು ಟಿಫ್ ಅಥವಾ ಜೆಪೆಗ್ ಮಾಡಿ ಅದೇ ಫೋಲ್ಡರ್‌ಗೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಬೇಕು.